ಹೆಸರು ಕಳೆದುಕೊಂಡ ನಾಡು: ‘ತಿಗಾನಾ’ ಓದುವ ಮುನ್ನ

ಎಪಿಕ್ ಫ್ಯಾಂಟಸಿ ಕಾದಂಬರಿಯನ್ನು ಮೊದಲ ಸಲ ಕೈಗೆತ್ತಿಕೊಳ್ಳುವವರು ಸಾಮಾನ್ಯವಾಗಿ ಮೂರು ಕಡೆ ಹೆದರುತ್ತಾರೆ. ಒಂದು, ಪುಸ್ತಕದ ದಪ್ಪ. ಎರಡು, ಮೊದಲ ಪುಟದಲ್ಲೇ ಎದುರಾಗುವ, ಯಾವ ಭೂಗೋಳದಲ್ಲೂ ಇಲ್ಲದ ನಾಡಿನ ನಕ್ಷೆ. ಮೂರು, ನಾಲಿಗೆಗೆ ಒಗ್ಗದ ಹೆಸರುಗಳ ಸಾಲು. ಈ ಹೆದರಿಕೆ ಸಹಜ. ಸಾಮ್ರಾಜ್ಯಗಳ ನಡುವಿನ ಯುದ್ಧ, ದರ್ಬಾರಿನ ಒಳಸಂಚು, ಮಂತ್ರಶಕ್ತಿ ಎಲ್ಲ ಸೇರಿದ ಕಥೆಗಳಲ್ಲಿ ಹಲವು ನಾಲ್ಕು ಸಂಪುಟ, ಹತ್ತು ಸಂಪುಟ ಹರಿಯುತ್ತವೆ. ಎಲ್ಲಿಂದ ಶುರು ಮಾಡಲಿ ಎಂದು ವಿದ್ಯಾರ್ಥಿಗಳು ಕೇಳಿದಾಗಲೆಲ್ಲ ನಾನು ಒಂದೇ ಪುಸ್ತಕದ ಹೆಸರು ಹೇಳುತ್ತೇನೆ: ಕೆನಡಾದ ಲೇಖಕ ಗೈ ಗೇವ್ರಿಯಲ್ ಕೇ 1990ರಲ್ಲಿ ಪ್ರಕಟಿಸಿದ ‘ತಿಗಾನಾ’. ಒಂದೇ ಸಂಪುಟ. ಆರಂಭವೂ ಅಂತ್ಯವೂ ಅದರೊಳಗೇ ಇದೆ. ಯುದ್ಧವೆಂದರೆ ಕತ್ತಿಗಳ ಕಾದಾಟ ಎಂದುಕೊಂಡಿರುವವರಿಗೆ, ಕತ್ತಿ ಒರೆ ಸೇರಿದ ಮೇಲೂ ಯುದ್ಧ ಹೇಗೆ ನಡೆಯುತ್ತಲೇ ಇರುತ್ತದೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರಿಸಿದ ಫ್ಯಾಂಟಸಿ ಕೃತಿಯನ್ನು ನಾನು ಓದಿಲ್ಲ.

ಲೇಖಕನ ಬಗ್ಗೆ ಎರಡು ಮಾತು. ಕೇ ಹುಟ್ಟಿದ್ದು 1954ರಲ್ಲಿ. ಇಪ್ಪತ್ತರ ಹರೆಯದಲ್ಲೇ ಇಂಗ್ಲೆಂಡಿಗೆ ಹೋಗಿ, ಫ್ಯಾಂಟಸಿ ಲೇಖಕ ಟೋಲ್ಕಿನ್ ಅರ್ಧಕ್ಕೆ ಬಿಟ್ಟುಹೋದ ಹಸ್ತಪ್ರತಿಗಳನ್ನು ಹೊಂದಿಸುವ ಕೆಲಸದಲ್ಲಿ ಅವರ ಮಗ ಕ್ರಿಸ್ಟೋಫರ್‌ಗೆ ನೆರವಾದರು. ಆ ಕೆಲಸದ ಫಲವೇ 1977ರಲ್ಲಿ ಬಂದ ‘ದಿ ಸಿಲ್ಮರಿಲಿಯನ್’. ಆಮೇಲೆ ಟೊರೊಂಟೊದಲ್ಲಿ ಕಾನೂನು ಓದಿದರು, ಕೆನಡಾದ ರೇಡಿಯೊಗೆ ನ್ಯಾಯಾಲಯದ ಮೊಕದ್ದಮೆಗಳನ್ನು ಆಧರಿಸಿದ ನಾಟಕ ಸರಣಿಯಲ್ಲಿ ದುಡಿದರು. ಈ ಎರಡೂ ತರಬೇತಿ ‘ತಿಗಾನಾ’ದಲ್ಲಿ ಕಾಣುತ್ತದೆ. ಒಂದು ಇಡೀ ಲೋಕವನ್ನು ಕಟ್ಟುವ ತಾಳ್ಮೆ ಟೋಲ್ಕಿನ್ ಮನೆಯಿಂದ ಬಂದದ್ದು. ಎರಡೂ ಪಕ್ಷದ ವಾದವನ್ನು ಪೂರ್ತಿ ಕೇಳದೆ ತೀರ್ಪು ಕೊಡದಿರುವ ಅಭ್ಯಾಸ ವಕೀಲಿಯಿಂದ ಬಂದದ್ದು ಎಂದು ನನಗನಿಸುತ್ತದೆ.

ಕೇ ಅವರ ಬರವಣಿಗೆಯ ಪದ್ಧತಿಯನ್ನು ಮೊದಲೇ ತಿಳಿದುಕೊಂಡರೆ ಓದು ಹಗುರವಾಗುತ್ತದೆ. ಅವರು ನಿಜವಾದ ಚರಿತ್ರೆಯ ಒಂದು ಕಾಲಘಟ್ಟವನ್ನು ಆರಿಸಿ, ಅದರ ಒತ್ತಡಗಳನ್ನೆಲ್ಲ ಉಳಿಸಿಕೊಂಡು, ಹೆಸರು ಮತ್ತು ಭೂಗೋಳವನ್ನು ಕಲ್ಪಿಸಿಕೊಳ್ಳುತ್ತಾರೆ. ‘ತಿಗಾನಾ’ದ ಹಿಂದಿರುವುದು ಪುನರುಜ್ಜೀವನ ಕಾಲದ ಇಟಲಿ. ಆಗ ಇಟಲಿ ಎಂಬ ಒಂದು ದೇಶ ಇರಲಿಲ್ಲ. ಫ್ಲಾರೆನ್ಸ್, ವೆನಿಸ್, ಮಿಲಾನ್, ನೇಪಲ್ಸ್, ರೋಮ್ ಹೀಗೆ ಒಬ್ಬರನ್ನೊಬ್ಬರು ಸಹಿಸದ ರಾಜ್ಯಗಳಿದ್ದವು. ಸಂಪತ್ತು ಇತ್ತು, ಶಿಲ್ಪ, ಚಿತ್ರ, ಸಂಗೀತ ಎಲ್ಲ ಇತ್ತು, ಒಗ್ಗಟ್ಟು ಇರಲಿಲ್ಲ. 1494ರಲ್ಲಿ ಫ್ರಾನ್ಸಿನ ಎಂಟನೆಯ ಚಾರ್ಲ್ಸ್ ಆಲ್ಪ್ಸ್ ದಾಟಿ ದಂಡೆತ್ತಿ ಬಂದ. ಅವನಿಗೆ ಉತ್ತೇಜನ ಕೊಟ್ಟವರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾ ಮುಖ್ಯನಾದವನು. ಮರುವರ್ಷವೇ ಚಾರ್ಲ್ಸ್ ನೇಪಲ್ಸ್ ಹೊಕ್ಕ. ಹಿಂದೆಯೇ ಸ್ಪೇನ್ ಬಂತು. 1559ರವರೆಗೆ ಆ ನೆಲ ದೊಡ್ಡ ಶಕ್ತಿಗಳ ಪಂದ್ಯದ ಕಣವಾಯಿತು. 1527ರಲ್ಲಿ ರೋಮ್ ನಗರವನ್ನೇ ಸೈನಿಕರು ಸೂರೆ ಮಾಡಿದರು. ಮನೆಯ ಜಗಳಕ್ಕೆ ಹೊರಗಿನವನನ್ನು ಕರೆದರೆ ಅವನು ಮನೆಯನ್ನೇ ಇಟ್ಟುಕೊಳ್ಳುತ್ತಾನೆ ಎಂಬುದು ಆ ಕಾಲದ ರಾಜನೀತಿ ಚಿಂತಕ ಮೆಕಿಯಾವೆಲ್ಲಿ ಕಣ್ಣಾರೆ ಕಂಡ ಸತ್ಯ. ಕಾದಂಬರಿಯ ಬೀಜವೂ ಅದೇ.

ಈಗ ನಕ್ಷೆಗೆ ಬನ್ನಿ. ಪಾಮ್ ಎಂಬ ಪರ್ಯಾಯ ದ್ವೀಪ. ಅದರಲ್ಲಿ ಒಂಬತ್ತು ಪ್ರಾಂತ್ಯಗಳು, ಅವುಗಳ ನಡುವೆ ತಲೆಮಾರುಗಳ ಹಗೆ. ಪಶ್ಚಿಮದಿಂದ ಇಗ್ರಾತ್ ರಾಜ್ಯದ ದೊರೆ ಬ್ರ್ಯಾಂಡಿನ್, ಪೂರ್ವದಿಂದ ಬಾರ್ಬಡಿಯರ್ ಸಾಮ್ರಾಜ್ಯದ ಸರದಾರ ಆಲ್ಬೆರಿಕೊ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ದಾಳಿಯಿಟ್ಟರು. ಇಬ್ಬರೂ ಮಹಾಮಾಂತ್ರಿಕರು. ಒಂಬತ್ತು ಪ್ರಾಂತ್ಯಗಳು ಒಟ್ಟಾಗಿ ನಿಂತಿದ್ದರೆ ಏನಾಗುತ್ತಿತ್ತೋ, ಅವು ನಿಲ್ಲಲಿಲ್ಲ. ನಾಲ್ಕು ಬ್ರ್ಯಾಂಡಿನ್ ಪಾಲಾದವು, ನಾಲ್ಕು ಆಲ್ಬೆರಿಕೊ ಪಾಲಾದವು. ಉಳಿದ ಸೆಂಜಿಯೊ ಎಂಬ ಒಂದು ಪ್ರಾಂತ್ಯ, ಅತ್ತ ದರಿ ಇತ್ತ ಪುಲಿ ಎಂಬ ಸ್ಥಿತಿಯಲ್ಲಿ, ಇಬ್ಬರನ್ನೂ ಓಲೈಸುತ್ತ ಹೆಸರಿಗೆ ಸ್ವತಂತ್ರವಾಗಿ ಉಳಿಯಿತು. ನೆನಪಿಡಬೇಕಾದ ರಾಜಕೀಯ ಇಷ್ಟೇ: ನಾಲ್ಕು, ನಾಲ್ಕು, ಒಂದು. ಇದನ್ನು ಪುಸ್ತಕದ ಒಳಹಾಳೆಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟುಕೊಳ್ಳಿ. ಕಥೆಯ ಎಲ್ಲ ತಂತ್ರ, ಪ್ರತಿತಂತ್ರವೂ ಈ ಲೆಕ್ಕದ ಮೇಲೆಯೇ ನಿಂತಿದೆ.

ಕಾದಂಬರಿ ತೆರೆದುಕೊಳ್ಳುವುದು ಒಂದು ನದಿಯ ದಡದಲ್ಲಿ. ನದಿಯ ಹೆಸರು ಡೈಸಾ. ಆಕಾಶದಲ್ಲಿ ಎರಡು ಚಂದ್ರರು, ಒಂದು ಬಿಳಿ, ಒಂದು ನೀಲಿ. ಮರುದಿನ ಯುದ್ಧ. ಒಂಬತ್ತು ಪ್ರಾಂತ್ಯಗಳಲ್ಲಿ ಒಂದಾದ ತಿಗಾನಾದ ಅವಾಲೆ ನಗರದ ಶಿಲ್ಪಿ ಸೇವಾರ್ ನಿದ್ದೆ ಬಾರದೆ ಕುಳಿತಿದ್ದಾನೆ. ಅವನ ರಾಜಕುಮಾರ ವ್ಯಾಲೆಂಟಿನ್ ಪಾಳೆಯದಲ್ಲಿ ಸುತ್ತುತ್ತ ಬಂದು ಅವನ ಪಕ್ಕ ಕೂರುತ್ತಾನೆ. ಈ ಮೊದಲಿನ ಕಾಳಗದಲ್ಲಿ ತಿಗಾನಾದವರು ಗೆದ್ದಿದ್ದರು. ಆ ಕಾಳಗದಲ್ಲಿ ವ್ಯಾಲೆಂಟಿನ್ ಕೈಯಲ್ಲಿ ಬ್ರ್ಯಾಂಡಿನ್‌ನ ಮಗ ಸ್ಟೆವಾನ್ ಸತ್ತ. ಈಗ ತಂದೆ ತನ್ನ ಪೂರ್ತಿ ಬಲದೊಡನೆ ಬಂದಿದ್ದಾನೆ. ನಾಳೆ ತಾವು ಉಳಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತು. ಆದರೆ ಅವರು ಸಾವಿನ ಬಗ್ಗೆ ಹೆಚ್ಚು ಮಾತಾಡುವುದಿಲ್ಲ. ತಾವು ಹೋದ ಮೇಲೆ ಏನು ಉಳಿಯುತ್ತದೆ ಎಂದು ಮಾತಾಡುತ್ತಾರೆ. ಶಿಲ್ಪಿ ಕೆತ್ತಿದ್ದು ಉಳಿಯುತ್ತದೆ, ಕಥೆಗಳು ಉಳಿಯುತ್ತವೆ, ಹೆಸರು ಉಳಿಯುತ್ತದೆ ಎಂಬ ಸಮಾಧಾನ ಅವರದು. ಕೆಲವೇ ಪುಟಗಳ ಈ ಪೀಠಿಕೆಯನ್ನು ದಯವಿಟ್ಟು ಅವಸರದಲ್ಲಿ ದಾಟಬೇಡಿ. ಮುಂದೆ ಆ ಸಮಾಧಾನವನ್ನೇ ಬ್ರ್ಯಾಂಡಿನ್ ಕಿತ್ತುಕೊಳ್ಳುತ್ತಾನೆ.

ಅವನ ಸೇಡು ಹೀಗಿದೆ. ಗೆದ್ದ ಮೇಲೆ ಅವಾಲೆಯ ಗೋಪುರಗಳನ್ನು ಕೆಡವಿಸಿದ, ವಿಗ್ರಹಗಳನ್ನು ಒಡೆಸಿದ. ನಗರಕ್ಕೆ ಸತ್ತ ಮಗನ ಹೆಸರನ್ನಿಟ್ಟು ಸ್ಟೆವಾನಿಯನ್ ಎಂದು ಕರೆದ. ತಿಗಾನಾದ ಹಳೆಯ ವೈರಿ ಪ್ರಾಂತ್ಯ ಕೋರ್ತೆ. ಆ ವೈರಿಯ ಹೆಸರನ್ನೇ ತಗುಲಿಸಿ ಇಡೀ ನಾಡಿಗೆ ‘ಕೆಳ ಕೋರ್ತೆ’ ಎಂದು ಹೆಸರಿಟ್ಟ. ಇಷ್ಟನ್ನು ಚರಿತ್ರೆಯಲ್ಲಿ ಗೆದ್ದವರು ಅನೇಕರು ಮಾಡಿದ್ದಾರೆ. ಬ್ರ್ಯಾಂಡಿನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ತಿಗಾನಾ ಎಂಬ ಹೆಸರಿನ ಮೇಲೆಯೇ ಮಂತ್ರ ಹಾಕಿದ. ಮಂತ್ರ ಬೀಳುವ ಮುನ್ನ ಆ ನೆಲದಲ್ಲಿ ಹುಟ್ಟಿದವರು ಮಾತ್ರ ಅದನ್ನು ಕೇಳಬಲ್ಲರು. ಮಂತ್ರಶಕ್ತಿಯಿಲ್ಲದ ಬೇರೆ ಯಾರೆದುರು ಕೂಗಿ ಹೇಳಿದರೂ ಆ ಶಬ್ದ ಕಿವಿಯಲ್ಲಿ ನಿಲ್ಲುವುದಿಲ್ಲ. ತಮ್ಮ ಊರಿನ ಹೆಸರು ಗೊತ್ತಿರುವ ಜನ ವರ್ಷದಿಂದ ವರ್ಷಕ್ಕೆ ಸಾಯುತ್ತ ಬರುತ್ತಾರೆ. ಕೊನೆಯವನು ಸತ್ತ ದಿನ ಆ ನಾಡು ಎಂದೂ ಇರಲೇ ಇಲ್ಲ ಎಂಬಂತಾಗುತ್ತದೆ. ಅಲ್ಲಿಯವರೆಗೆ ತಾನು ಬದುಕಿರಬೇಕೆಂದು ಬ್ರ್ಯಾಂಡಿನ್ ಮಂತ್ರದಿಂದ ತನ್ನ ಆಯುಸ್ಸನ್ನೂ ಹಿಗ್ಗಿಸಿಕೊಂಡಿದ್ದಾನೆ, ಸ್ವಂತ ರಾಜ್ಯ ಬಿಟ್ಟು ಈ ಪರಕೀಯ ನೆಲದಲ್ಲೇ ಕಾದು ಕುಳಿತಿದ್ದಾನೆ.

ಫ್ಯಾಂಟಸಿಯಲ್ಲಿ ಮಂತ್ರ ಯಾಕೆ ಬೇಕು ಎಂದು ಕೇಳುವವರಿಗೆ ನನ್ನ ಉತ್ತರ ಈ ಮಂತ್ರವೇ. ಒಂದು ಜನಾಂಗದ ನೆನಪನ್ನು ಅಳಿಸುವುದು ನಿಜ ಲೋಕದಲ್ಲಿ ಶಾಲೆಗಳಿಂದ, ಆಜ್ಞೆಗಳಿಂದ, ನಕ್ಷೆಗಳಿಂದ ನಿಧಾನವಾಗಿ ನಡೆಯುತ್ತದೆ; ನಡೆಯುತ್ತಿರುವುದು ಅನೇಕರಿಗೆ ಗೊತ್ತೇ ಆಗುವುದಿಲ್ಲ. ಮಂತ್ರವು ಆ ನಿಧಾನದ ಹಿಂಸೆಯನ್ನು ಒಂದೇ ಕ್ಷಣದಲ್ಲಿ ಕಣ್ಣಿಗೆ ಕಾಣುವಂತೆ ಮಾಡುತ್ತದೆ. ಕೇ ಈ ಕಲ್ಪನೆಗೆ ಪ್ರೇರಣೆಯಾದವುಗಳಲ್ಲಿ ಐರ್ಲೆಂಡಿನ ನಾಟಕಕಾರ ಬ್ರಯನ್ ಫ್ರೀಲ್ ಅವರ ‘ಟ್ರಾನ್ಸ್‌ಲೇಷನ್ಸ್’ ನಾಟಕವನ್ನು ನೆನೆದಿದ್ದಾರೆ. 1980ರಲ್ಲಿ ಮೊದಲು ರಂಗಕ್ಕೆ ಬಂದ ಆ ನಾಟಕದಲ್ಲಿ, 1833ರ ಸುಮಾರಿಗೆ ಬ್ರಿಟಿಷ್ ಸೈನ್ಯದ ಸರ್ವೆಯವರು ಒಂದು ಹಳ್ಳಿಗೆ ಬಂದು ಅಲ್ಲಿನ ಊರು, ಹಳ್ಳ, ದಿಣ್ಣೆಗಳ ಐರಿಷ್ ಹೆಸರುಗಳನ್ನೆಲ್ಲ ಇಂಗ್ಲಿಷಿಗೆ ಬದಲಾಯಿಸುತ್ತಾರೆ. ಅಲ್ಲಿ ಯಾರೂ ಕತ್ತಿ ಹಿರಿದು ಹೆಸರು ಬದಲಿಸುವುದಿಲ್ಲ. ಟೇಬಲ್ಲಿನ ಮೇಲೆ ಕಾಗದ ಹರಡಿಕೊಂಡು, ಸಮಾಧಾನವಾಗಿ, ಒಂದೊಂದಾಗಿ ಮಾಡುತ್ತಾರೆ. ಕನ್ನಡದ ಓದುಗರಿಗೆ ಈ ನೋವನ್ನು ವಿವರಿಸಿ ಹೇಳಬೇಕಿಲ್ಲ. ಕನ್ನಡ ನಾಡು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗು ಎಂದು ಬೇರೆ ಬೇರೆ ಆಡಳಿತಗಳಲ್ಲಿ ಹರಿದುಹೋಗಿತ್ತು. 1956ರಲ್ಲಿ ಒಂದಾದ ಮೇಲೂ ‘ಕರ್ನಾಟಕ’ ಎಂಬ ಹೆಸರು ರಾಜ್ಯಕ್ಕೆ ಬಂದದ್ದು 1973ರ ನವೆಂಬರ್ 1ರಂದು. ಹೆಸರಿಗಾಗಿ ಜನ ಯಾಕಷ್ಟು ಹಂಬಲಿಸುತ್ತಾರೆ ಎಂಬುದು ನಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತಿತ್ತು.

ಮುಖ್ಯ ಕಥೆ ಶುರುವಾಗುವುದು ಆ ಯುದ್ಧ ಮುಗಿದು ಹದಿನೆಂಟು ಹತ್ತೊಂಬತ್ತು ವರ್ಷಗಳ ಮೇಲೆ, ಅಸ್ತಿಬಾರ್ ಎಂಬ ಪೂರ್ವದ ಪ್ರಾಂತ್ಯದಲ್ಲಿ. ನಿಮ್ಮ ಕೈಹಿಡಿದು ಕರೆದೊಯ್ಯುವವನು ಡೆವಿನ್ ಎಂಬ ಹತ್ತೊಂಬತ್ತರ ಹುಡುಗ, ಊರೂರು ತಿರುಗುವ ಸಂಗೀತ ಮೇಳದ ಗಾಯಕ. ತಾನು ಅಸೋಲಿ ಪ್ರಾಂತ್ಯದ ರೈತನ ಮಗ ಎಂದಷ್ಟೇ ಅವನಿಗೆ ಗೊತ್ತು. ಗಡೀಪಾರಾಗಿದ್ದ ಅಸ್ತಿಬಾರಿನ ಹಳೆಯ ಡ್ಯೂಕ್ ಸ್ಯಾಂಡ್ರೆ ತೀರಿಕೊಂಡ ಸುದ್ದಿ ಬರುತ್ತದೆ. ಉತ್ತರಕ್ರಿಯೆಯಲ್ಲಿ ಹಾಡಲು ಡೆವಿನ್‌ನ ಮೇಳಕ್ಕೆ ಕರೆ ಬರುತ್ತದೆ. ಆ ಅರಮನೆಯಲ್ಲಿ ಅವನು ಕೇಳಬಾರದ ಮಾತೊಂದನ್ನು ಮರೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತಾನೆ: ಈ ಅಂತ್ಯಕ್ರಿಯೆಯೇ ಆಲ್ಬೆರಿಕೊನನ್ನು ಕೊಲ್ಲುವ ಸಂಚಿನ ಮುಸುಕು. ಅಲ್ಲಿಂದ ಒಂದೇ ರಾತ್ರಿಯಲ್ಲಿ ಅವನ ಬದುಕು ಬೇರೆಯಾಗುತ್ತದೆ. ಮೇಳದಲ್ಲಿ ತನ್ನ ಜೊತೆ ಕೊಳಲೂದುತ್ತಿದ್ದ ಅಲೆಸ್ಸಾನ್, ವ್ಯಾಲೆಂಟಿನ್‌ನ ಬದುಕುಳಿದ ಕಿರಿಯ ಮಗ. ಡೆವಿನ್ ತಾನೂ ಹುಟ್ಟಿದ್ದು ತಿಗಾನಾದಲ್ಲಿ. ಹಸುಗೂಸಾಗಿದ್ದಾಗ ತಂದೆ ಅವನನ್ನೆತ್ತಿಕೊಂಡು ದೂರದ ಅಸೋಲಿಗೆ ಬಂದು ಬಾಯಿ ಮುಚ್ಚಿಕೊಂಡು ಬದುಕಿದ್ದ.

ಆ ಹುಡುಗ ಮೊದಲ ಬಾರಿ ತನ್ನ ನಾಡಿನ ಹೆಸರನ್ನು ಕೇಳಿಸಿಕೊಳ್ಳುವ ಕ್ಷಣವನ್ನು ಓದುವಾಗ ಒಂದು ವಿಷಯ ಗಮನಿಸಿ. ಅವನಿಗೆ ಆ ನಾಡಿನ ಯಾವ ನೆನಪೂ ಇಲ್ಲ. ನೋಡಿಲ್ಲ, ಅಲ್ಲಿ ಆಡಿಲ್ಲ. ಆದರೂ ಆ ಹೆಸರು ಅವನ ಕಿವಿಗೆ ಬೀಳುತ್ತದೆ, ಬಿದ್ದು ನಿಲ್ಲುತ್ತದೆ. ನೆನಪೇ ಇಲ್ಲದ ನಾಡಿಗಾಗಿ ಒಬ್ಬ ಮನುಷ್ಯ ಪ್ರಾಣ ಪಣಕ್ಕಿಡುವುದು ಸರಿಯೇ? ಕೇ ಈ ಪ್ರಶ್ನೆಯನ್ನು ಮುಚ್ಚಿಡುವುದಿಲ್ಲ. ಇನ್ನೊಂದು ಸಣ್ಣ ವಿವರ ನನಗೆ ಬಹಳ ಇಷ್ಟ. ಅಲೆಸ್ಸಾನ್ ರಾತ್ರಿಯ ಊಟದ ಹೊತ್ತಿಗೆ ಕುಡಿಯುವ ಮೂರನೆಯ ಲೋಟ ಯಾವಾಗಲೂ ನೀಲಿ ದ್ರಾಕ್ಷಾರಸ. ಯಾವ ಊರಿನ ಯಾವ ಛತ್ರದಲ್ಲಿದ್ದರೂ ಅಷ್ಟೇ. ಕಳೆದುಹೋದದ್ದನ್ನು ದಿನಕ್ಕೊಮ್ಮೆಯಾದರೂ ನೆನೆಯಲು ಅವನು ತನಗೆ ತಾನೇ ಹಾಕಿಕೊಂಡ ವ್ರತ ಅದು. ರಾಜ್ಯಗಳ ಕಥೆಯಲ್ಲಿ ಇಂಥ ಒಂದು ಲೋಟಕ್ಕೂ ಜಾಗ ಕೊಡುವ ಲೇಖಕನನ್ನು ನಂಬಬಹುದು.

ಇನ್ನು ಒಳಸಂಚಿನ ವಿಷಯ. ಹೊಸ ಓದುಗರು ಇಲ್ಲಿ ಎಡವುವುದುಂಟು: ಬ್ರ್ಯಾಂಡಿನ್ ಸತ್ತರೆ ಮಂತ್ರ ಮುರಿಯುತ್ತದೆ ಎಂದ ಮೇಲೆ ಅಲೆಸ್ಸಾನ್ ಅವನನ್ನು ಕೊಲ್ಲಿಸುವುದಕ್ಕೆ ಇಷ್ಟು ವರ್ಷ ಕಾಯುವುದೇಕೆ? ಉತ್ತರ ಆ ನಾಲ್ಕು, ನಾಲ್ಕು, ಒಂದರ ಲೆಕ್ಕದಲ್ಲಿದೆ. ಇಬ್ಬರು ಮಾಂತ್ರಿಕರೂ ಪರಸ್ಪರ ಹೆದರಿ ಒಬ್ಬರನ್ನೊಬ್ಬರು ತಡೆಹಿಡಿದಿದ್ದಾರೆ. ಬ್ರ್ಯಾಂಡಿನ್ ಬಿದ್ದ ಮರುದಿನವೇ ಆಲ್ಬೆರಿಕೊ ಎಲ್ಲ ಒಂಬತ್ತನ್ನೂ ನುಂಗುತ್ತಾನೆ. ಆಲ್ಬೆರಿಕೊ ಬಿದ್ದರೂ ಹಾಗೆಯೇ. ಆದ್ದರಿಂದ ಇಬ್ಬರೂ ಒಟ್ಟಿಗೆ ಬೀಳಬೇಕು, ಅದಕ್ಕೆ ಇಬ್ಬರನ್ನೂ ಒಂದು ಕಡೆ ಎದುರುಬದುರು ತಂದು ನಿಲ್ಲಿಸಬೇಕು. ಸೈನ್ಯವಿಲ್ಲದ, ಹಣವಿಲ್ಲದ, ಊರ ಹೆಸರೂ ಇಲ್ಲದ ನಾಲ್ಕೈದು ಜನ ಇದನ್ನು ಸಾಧಿಸಲು ಹೊರಡುತ್ತಾರೆ. ವ್ಯಾಪಾರಿಗಳಾಗಿ, ಹಾಡುಗಾರರಾಗಿ ಊರೂರು ಅಲೆಯುತ್ತ ಅಲ್ಲೊಂದು ಅನುಮಾನ, ಇಲ್ಲೊಂದು ಕಿಡಿ ಬಿತ್ತುತ್ತಾರೆ.

ಆಲ್ಬೆರಿಕೊನ ಭಾಗಗಳನ್ನು ಓದುವಾಗ ಹಣದ ಮೇಲೆ ಕಣ್ಣಿಡಿ. ಅವನಿಗೆ ಈ ನಾಡಿನ ಮೇಲೆ ಪ್ರೀತಿಯೂ ಇಲ್ಲ, ದ್ವೇಷವೂ ಇಲ್ಲ. ಬಾರ್ಬಡಿಯರಿನ ಮುದಿ ಚಕ್ರವರ್ತಿಯ ನಂತರ ಆ ಕಿರೀಟ ತನ್ನ ತಲೆಗೆ ಬರಬೇಕು, ಅದಕ್ಕೆ ಈ ಪ್ರಾಂತ್ಯಗಳ ತೆರಿಗೆ ಮೆಟ್ಟಿಲಾಗಬೇಕು, ಅಷ್ಟೇ. ಆದರೆ ಅವನ ಸೈನ್ಯ ಕೂಲಿಯಾಳುಗಳ ಸೈನ್ಯ. ಸಂಬಳ, ಕೊಳ್ಳೆ, ಜಮೀನಿನ ಆಸೆ ತೋರಿಸಿ ನಿಲ್ಲಿಸಿಕೊಂಡವರು. ಮಾತು ಕೊಟ್ಟದ್ದು ತಡವಾದಂತೆ ನಾಯಕರು ಗೊಣಗತೊಡಗುತ್ತಾರೆ. ಯುದ್ಧಕ್ಕೆ ಹೋಗುವ ನಿರ್ಧಾರವನ್ನು ದೊರೆ ತೆಗೆದುಕೊಂಡನೇ ಅಥವಾ ಬಾಕಿ ಉಳಿದ ಸಂಬಳ ತೆಗೆದುಕೊಂಡಿತೇ ಎಂಬ ಪ್ರಶ್ನೆ ಏಳುತ್ತದೆ. ಇಟಲಿಯ ನಗರ ರಾಜ್ಯಗಳೂ ಬಾಡಿಗೆ ದಂಡನಾಯಕರನ್ನು ನಂಬಿ ಕೆಟ್ಟಿದ್ದವು. ಆ ಚರಿತ್ರೆಯನ್ನು ಕೇ ಇಲ್ಲಿ ಬಹಳ ಚೆನ್ನಾಗಿ ದುಡಿಸಿಕೊಂಡಿದ್ದಾರೆ.

ಪುಸ್ತಕದ ಎರಡನೆಯ ಭಾಗಕ್ಕೆ ಬಂದಾಗ ನಿಮ್ಮ ನಿಲುವು ಅಲ್ಲಾಡುತ್ತದೆ. ಆ ಭಾಗದ ಹೆಸರೇ ‘ಡಯನೋರಾ’. ಪೀಠಿಕೆಯಲ್ಲಿ ನೋಡಿದ ಶಿಲ್ಪಿ ಸೇವಾರ್‌ನ ಮಗಳು ಅವಳು. ಬ್ರ್ಯಾಂಡಿನ್‌ನನ್ನು ಕೊಲ್ಲಲೇಬೇಕೆಂದು ನಿರ್ಧರಿಸಿ, ತನ್ನ ಹುಟ್ಟು ಮುಚ್ಚಿಟ್ಟು, ಕಿಯಾರಾ ದ್ವೀಪದಲ್ಲಿರುವ ಅವನ ಅಂತಃಪುರ ಸೇರಿದವಳು. ವರ್ಷಗಳು ಕಳೆದಿವೆ, ಕೊಂದಿಲ್ಲ. ಯಾಕೆಂದರೆ ಅವನನ್ನು ಪ್ರೀತಿಸತೊಡಗಿದ್ದಾಳೆ. ಅವಳ ಕಣ್ಣಿನಿಂದ ನೋಡಿದರೆ ಬ್ರ್ಯಾಂಡಿನ್ ಸಂಗೀತ ಬಲ್ಲವನು, ಬುದ್ಧಿವಂತ, ಮಾತಿನಲ್ಲಿ ಮೃದು, ಮಗನನ್ನು ಕಳೆದುಕೊಂಡ ದುಃಖದಿಂದ ಇಂದಿಗೂ ಹೊರಬರದವನು. ಒಂದು ನಾಡನ್ನೇ ಅಳಿಸಿದ ಕ್ರೌರ್ಯ ಹುಟ್ಟಿದ್ದು ತಂದೆಯ ಪ್ರೀತಿಯಿಂದ. ಇದನ್ನು ಓದಿ ಅವನನ್ನು ಕ್ಷಮಿಸಬೇಕೆಂದು ಕೇ ಹೇಳುತ್ತಿಲ್ಲ. ಅವನು ರಾಕ್ಷಸನಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು ಎಂದು ನಮಗೆ ಅನ್ನಿಸುವಂತೆ ಮಾಡುತ್ತಾರೆ. ಮಗ ಸತ್ತ ಧೃತರಾಷ್ಟ್ರನ ಅಪ್ಪುಗೆಯಲ್ಲಿ ಪುಡಿಯಾದ ಉಕ್ಕಿನ ಭೀಮನನ್ನು ಬಲ್ಲ ನಮಗೆ, ದುಃಖ ಮತ್ತು ಕ್ರೌರ್ಯ ಎಷ್ಟು ಹತ್ತಿರದ ನೆಂಟರು ಎಂಬುದು ತಿಳಿಯದ್ದಲ್ಲ.

ನಾಯಕನ ಕಡೆಯೂ ಕೈ ಶುದ್ಧವಿಲ್ಲ. ಪಾಮ್ ನೆಲದ ಮಾಂತ್ರಿಕರು ಎಡಗೈಯ ಎರಡು ಬೆರಳು ಕತ್ತರಿಸಿಕೊಂಡು ತಮ್ಮ ಶಕ್ತಿಯನ್ನು ನೆಲಕ್ಕೆ ಬೆಸೆಯುತ್ತಾರೆ. ಸಿಕ್ಕಿಬಿದ್ದರೆ ಸಾವು ಖಂಡಿತವಾದ್ದರಿಂದ ಆ ಕೊರತೆಯನ್ನು ಮಂತ್ರದಿಂದಲೇ ಮರೆಮಾಡಿಕೊಂಡು ತಿರುಗುತ್ತಾರೆ. ಎರ್ಲೈನ್ ಅಂಥ ಒಬ್ಬ. ಸೆಂಜಿಯೊದವನು, ತಿಗಾನಾಕ್ಕೂ ಅವನಿಗೂ ಸಂಬಂಧವಿಲ್ಲ. ತನ್ನ ಪಾಡಿಗೆ ಹಾಡಿಕೊಂಡು ಬದುಕಬೇಕು ಎನ್ನುವವನು. ತಿಗಾನಾದ ರಾಜವಂಶಕ್ಕೆ ದೇವರು ಕೊಟ್ಟಿದ್ದ ಅಧಿಕಾರವೊಂದನ್ನು ಬಳಸಿ ಅಲೆಸ್ಸಾನ್ ಅವನನ್ನು ಅವನ ಇಚ್ಛೆಗೆ ವಿರುದ್ಧವಾಗಿ ಗುಲಾಮನಂತೆ ಕಟ್ಟಿಹಾಕುತ್ತಾನೆ. ಎರ್ಲೈನ್ ಸುಮ್ಮನಿರುವುದಿಲ್ಲ, ಕೂಗಾಡುತ್ತಾನೆ, ಜಗಳವಾಡುತ್ತಾನೆ, ಹೇಳುವುದೆಲ್ಲ ನ್ಯಾಯವಾಗಿಯೇ ಇದೆ. ಸ್ವಾತಂತ್ರ್ಯಕ್ಕಾಗಿ ಹೋರಾಡುವವನು ಇನ್ನೊಬ್ಬನ ಸ್ವಾತಂತ್ರ್ಯ ಕಿತ್ತುಕೊಂಡರೆ ಅವನಿಗೂ ದೊರೆಗೂ ಏನು ವ್ಯತ್ಯಾಸ? ನನ್ನ ಮಟ್ಟಿಗೆ ಇಡೀ ಕಾದಂಬರಿಯ ಅತ್ಯಂತ ಪ್ರಾಮಾಣಿಕ ಪುಟಗಳು ಇವು. ತರಗತಿಯಲ್ಲಿ ಚರ್ಚೆಗೆ ಇಟ್ಟಾಗ ಅತಿ ಹೆಚ್ಚು ಜಗಳವಾಗುವುದೂ ಇದರ ಮೇಲೆಯೇ.

ದೋಷಗಳಿಲ್ಲವೇ? ಇವೆ. ಕೇ ಭಾವುಕ ಲೇಖಕ. ಪಾತ್ರಗಳ ಕಣ್ಣು ಬಹಳ ಸಲ ತುಂಬಿಬರುತ್ತದೆ, ಅಧ್ಯಾಯದ ಕೊನೆಯ ವಾಕ್ಯಗಳು ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಭಾರ ಹೊತ್ತಿರುತ್ತವೆ. ಕ್ಯಾಟ್ರಿಯಾನಾ ಎಂಬ ಕೆಂಗೂದಲಿನ ಹೋರಾಟಗಾರ್ತಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಮೂರನೆಯ ಭಾಗದಲ್ಲಿ ಪ್ರಯಾಣ ಸ್ವಲ್ಪ ಉದ್ದವಾಗುತ್ತದೆ. ಆದರೆ ಅಲ್ಲೇ ಬರುವ ಚೆರ್ಟಾಂಡೊ ಪ್ರಾಂತ್ಯದ ರಾತ್ರಿಯ ಕಾಳಗವನ್ನು ಬಿಡಬೇಡಿ. ಬೆಳೆ ಉಳಿಸಲು ಹಳ್ಳಿಗರು ನಿದ್ದೆಯಲ್ಲೇ ಎದ್ದು ದುಷ್ಟಶಕ್ತಿಗಳೊಡನೆ ಹೋರಾಡುವ ಆ ಪ್ರಸಂಗಕ್ಕೆ ಆಧಾರ ಉತ್ತರ ಇಟಲಿಯ ಫ್ರಿಯುಲಿ ಪ್ರದೇಶದ ನಿಜವಾದ ಜಾನಪದ ನಂಬಿಕೆ. ಇತಿಹಾಸಕಾರ ಕಾರ್ಲೊ ಗಿನ್ಜ್‌ಬರ್ಗ್ ಅದರ ಬಗ್ಗೆ ಒಂದು ಪ್ರಸಿದ್ಧ ಅಧ್ಯಯನವನ್ನೇ ಬರೆದಿದ್ದಾರೆ.

ಓದುವ ಕ್ರಮದ ಬಗ್ಗೆ ಕೊನೆಗೆ ಕೆಲವು ಸಲಹೆ. ಕೃತಿಯ ಇಂಗ್ಲಿಷ್ ಸರಳವಲ್ಲ, ಹಾಗೆಂದು ಕಬ್ಬಿಣದ ಕಡಲೆಯೂ ಅಲ್ಲ. ಇಂಗ್ಲಿಷ್ ಪತ್ರಿಕೆಯನ್ನು ಓದಿ ಅಭ್ಯಾಸವಿರುವವರು ನಿಭಾಯಿಸಬಹುದು. ದೇವರ ಹೆಸರು, ಹಬ್ಬದ ಹೆಸರುಗಳನ್ನು ಬಾಯಿಪಾಠ ಮಾಡಲು ಹೋಗಬೇಡಿ, ಐವತ್ತು ಪುಟ ಕಳೆಯುವ ಹೊತ್ತಿಗೆ ಬೇಕಾದವು ತಾವಾಗಿ ನಿಲ್ಲುತ್ತವೆ. ಮೊದಲ ಭಾಗ ಮುಗಿಯುವವರೆಗೆ ಪುಸ್ತಕ ಕೆಳಗಿಡಬೇಡಿ. ಕಥೆಯ ಅಂತ್ಯವನ್ನು ಬೇಕೆಂದೇ ಇಲ್ಲಿ ಹೇಳಿಲ್ಲ, ನೀವೂ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಇದು ಹಿಡಿಸಿದರೆ ಮುಂದೆ ಅದೇ ಲೇಖಕನ ‘ದಿ ಲಯನ್ಸ್ ಆಫ್ ಅಲ್ ರಸ್ಸಾನ್’ ಓದಿ. 1995ರ ಆ ಕಾದಂಬರಿಯ ಹಿಂದೆ ಮುಸ್ಲಿಂ, ಕ್ರೈಸ್ತ, ಯಹೂದಿ ಮೂವರೂ ಬಾಳಿದ ಮಧ್ಯಯುಗದ ಸ್ಪೇನ್ ಇದೆ. ಅದಾದ ಮೇಲೆ 2010ರ ‘ಅಂಡರ್ ಹೆವನ್’. ಅಲ್ಲಿ ಇರುವುದು ಎಂಟನೆಯ ಶತಮಾನದ ಟಾಂಗ್ ಚೀನಾ. ಆದರೆ ಮೊದಲು ‘ತಿಗಾನಾ’. ನಿಮ್ಮ ಊರಿನ ಗ್ರಂಥಾಲಯದಲ್ಲಿ ಇಲ್ಲದಿದ್ದರೆ ತರಿಸಿಕೊಡಿ ಎಂದು ಗ್ರಂಥಪಾಲಕರನ್ನು ಕೇಳಿ. ಮೊದಲ ಪ್ರಕಟಣೆಯಾಗಿ ಮೂವತ್ತು ವರ್ಷ ದಾಟಿದರೂ ಪುಸ್ತಕ ಇಂದಿಗೂ ಮುದ್ರಣದಲ್ಲಿದೆ.